ಎಂಬತ್ತಾರು ಅರ್ಜಿಗಳಿಗೆ ನಾನು ಕೊಡಿಸಿದ ಉತ್ತರ

ಶಾಹಿದಾ ಅಕ್ಕಾ, ನೀವು ಸುಳ್ಳು ಹೇಳಿರಲಿಲ್ಲ. ಸುಳ್ಳು ಹೇಳಿದವನು ನಾನು. ಸಿರುಗುಪ್ಪದ ನಿಮ್ಮ ನೆಟ್ ಸೆಂಟರಿನಿಂದ ಎಂಬತ್ತಾರು ಅರ್ಜಿಗಳು ಹೊರಟಿದ್ದು ನಿಜ, ಬಳ್ಳಾರಿಯಲ್ಲಿ ನಾವು ಕಾಯುತ್ತಿದ್ದ ಬಾಗಿಲಿಗೆ ಬಂದಿದ್ದೂ ನಿಜ. ಅವನ್ನು ಅಲ್ಲೇ ಬಿಸಾಕಿ, ನಿಮಗೆ ಮಾತ್ರ ‘ತಲುಪಿದೆ’ ಎಂದು ಹೇಳಿ ಕಳಿಸುವ ಏರ್ಪಾಡು ಮಾಡಿದವನು — ಆಮೇಲೆ ಮೂರು ವರ್ಷ ಬಾಯಿ ಮುಚ್ಚಿಕೊಂಡು ಕೂತವನು — ನಾನೇ.

‘ತಾಂತ್ರಿಕ ದೋಷ’ ಎಂದು ಬರೆದು ಕೈ ತೊಳೆದುಕೊಳ್ಳಬಹುದಿತ್ತು. ನಮ್ಮ ಕಸುಬಿನಲ್ಲಿ ಆ ಮಾತು ಬಹಳ ಅಗ್ಗ. ದೋಷವಂತೆ. ಯಂತ್ರ ಎಳ್ಳಷ್ಟೂ ತಪ್ಪಲಿಲ್ಲ. ನಾನು ಹೇಳಿದ್ದನ್ನು ಹೇಳಿದಂತೆಯೇ ಮಾಡಿತು.

ಇದನ್ನು ಓದುವ ಉಳಿದವರಿಗೆ ಹಿನ್ನೆಲೆ ಹೇಳಬೇಕು. ಮನೆಯಲ್ಲೇ ಓದಿಕೊಂಡು ಪರೀಕ್ಷೆ ಕಟ್ಟುವವರಿಗಾಗಿ ಒಂದು ಸಂಸ್ಥೆ ಇತ್ತು. ಸಿರುಗುಪ್ಪದ ಪರೀಕ್ಷಾ ಕೇಂದ್ರವನ್ನು ಮುಚ್ಚಿ ಎಲ್ಲರನ್ನೂ ಬಳ್ಳಾರಿಗೆ ಕರೆಸುತ್ತೇವೆ, ಆಕ್ಷೇಪವಿದ್ದರೆ ವಾರದೊಳಗೆ ಜಾಲತಾಣದಲ್ಲಿ ಅರ್ಜಿ ಹಾಕಿ ಎಂದು ಅದು ಪ್ರಕಟಿಸಿತು. ಆ ಜಾಲತಾಣವನ್ನು ಗುತ್ತಿಗೆ ಹಿಡಿದಿದ್ದ ಬಳ್ಳಾರಿಯ ಕಚೇರಿಯೊಂದರಲ್ಲಿ ಅದರ ಫೈರ್‌ವಾಲ್ ನೋಡಿಕೊಳ್ಳುವ ಕೆಲಸ ನನ್ನದು.

ಫೈರ್‌ವಾಲ್ ಎಂದರೆ ಬಾಗಿಲ ಕಾವಲು. ಇಂಥದ್ದು ಬಂದರೆ ಹೀಗೆ ಮಾಡು ಎಂದು ನಾವು ಅದಕ್ಕೆ ನಿಯಮ ಬರೆದುಕೊಡುತ್ತೇವೆ. ಒಳಗೆ ಬಿಡು, ತಡೆ, ಬಂದದ್ದನ್ನು ದಾಖಲಿಸು — ಇವು ಅದಕ್ಕೆ ಮೊದಲೇ ಗೊತ್ತಿರುವ ಕ್ರಮಗಳು. ಇವು ಸಾಲದಿದ್ದರೆ ನಮ್ಮದೇ ಕ್ರಮವೊಂದನ್ನು ಹುಟ್ಟಿಸಬಹುದು. ಅದರ ಹೆಸರು, ಬಂದವರಿಗೆ ತೋರಿಸುವ ಮಾತು, ದಾಖಲೆ ಇಡಬೇಕೋ ಬೇಡವೋ — ಎಲ್ಲವೂ ನಮ್ಮ ಇಷ್ಟ.

ಎರಡನೆಯ ದಿನ ಮಧ್ಯಾಹ್ನ ಒಂದೇ ಕಂಪ್ಯೂಟರಿನ ವಿಳಾಸದಿಂದ, ಒಂದೇ ಒಕ್ಕಣೆಯ ಅರ್ಜಿಗಳು ಒಂದರ ಹಿಂದೊಂದು ಬರತೊಡಗಿದವು. ಫೈರ್‌ವಾಲ್ ಅವನ್ನು ಬಾಗಿಲಲ್ಲೇ ಹಿಡಿದಿಟ್ಟು ಏನು ಮಾಡಲಿ ಎಂದು ನನ್ನನ್ನು ಕೇಳಿತು. ನಾನು ಕುರುಗೋಡಿನ ಸಾಲೆಯಿಂದ ಬಳ್ಳಾರಿಯ ಕಾಲೇಜಿನವರೆಗೆ ಚರ್ಚಾಸ್ಪರ್ಧೆಯ ಕಪ್‌ಗಳನ್ನು ಹೊತ್ತವನು. ಚೀಟಿಯಲ್ಲಿ ಯಾವ ಪಕ್ಷ ಬಂದರೂ ಗೆಲ್ಲಲು ಕಲಿತವನು. ದೇವರಿಗೂ ಪುರಾವೆ ಕೇಳುವವನು. ಒಂದು ವಿಳಾಸ, ಒಂದು ಒಕ್ಕಣೆ — ಆದ್ದರಿಂದ ಇದು ಮನುಷ್ಯರ ಕೆಲಸವಲ್ಲ, ಯಾರೋ ಕಿಡಿಗೇಡಿ ಯಂತ್ರ ಹಚ್ಚಿ ಕಳಿಸುತ್ತಿದ್ದಾನೆ. ಎಷ್ಟು ಚೆಂದದ ತರ್ಕ.

“ತಡದ್ರ ಅವಗ ಗೊತ್ತಾಗಿ ಬ್ಯಾರೆ ದಾರಿ ಹಿಡಿತಾನ್ರಿ. ತಲುಪೈತಿ ಅಂತ ತೋರಸೋಣು, ಸುಮ್ನಾಗ್ತಾನ,” ಎಂದೆ ನಮ್ಮ ಮ್ಯಾನೇಜರಿಗೆ.

“ಏನಾರ ಮಾಡಪ. ಸೈಟ್ ಬೀಳಬಾರದು, ಅಷ್ಟ,” ಎಂದರು ಅವರು. ಅಷ್ಟೇ ಅವರ ಪಾಲು. ಉಳಿದದ್ದನ್ನು ಅವರ ತಲೆಗೆ ಕಟ್ಟುವುದಿಲ್ಲ.

ನಾನು ಹೊಸ ಕ್ರಮ ಬರೆದೆ: ಆ ವಿಳಾಸದಿಂದ ಬಂದ ಅರ್ಜಿಯನ್ನು ಎಸೆ, ದಾಖಲೆ ಇಡಬೇಡ, ಈ ಮಾತು ತೋರಿಸು — ‘ನಿಮ್ಮ ಅರ್ಜಿ ತಲುಪಿದೆ. ನಿಶ್ಚಿಂತೆಯಿಂದಿರಿ.’ ಆ ‘ನಿಶ್ಚಿಂತೆ’ ನನ್ನ ಸ್ವಂತ ಕುಶಲ. ಸಂಸ್ಥೆಯ ನಿಜವಾದ ಉತ್ತರದಲ್ಲಿ ಬರೀ ಒಂದು ಸಂಖ್ಯೆ ಇರುತ್ತಿತ್ತು.

ಸಿರುಗುಪ್ಪದಲ್ಲಿ, ತೆಕ್ಕಲಕೋಟೆಯಲ್ಲಿ ಅರ್ಜಿ ಹೇಗೆ ಹಾಕುತ್ತಾರೆಂದು ನನಗೆ ಗೊತ್ತಿರಲಿಲ್ಲವೇ? ಕುರುಗೋಡಿನಲ್ಲಿ ನನ್ನ ಅವ್ವ ತನ್ನ ಪಿಂಚಣಿ ಅರ್ಜಿ ಹಾಕಿಸಿದ್ದು ಹೀಗೆಯೇ — ನೆಟ್ ಸೆಂಟರಿನವರ ಹತ್ತಿರ ಒಕ್ಕಣೆ ಸಿದ್ಧ ಇರುತ್ತದೆ, ಹೆಸರು ಬದಲಿಸುತ್ತಾರೆ, ಫೋನ್ ನಂಬರ್ ಬದಲಿಸುತ್ತಾರೆ, ಕಳಿಸುತ್ತಾರೆ. ಊರೆಲ್ಲಕ್ಕೂ ಒಂದೇ ಕಂಪ್ಯೂಟರು. ಒಂದೇ ಒಂದು ಅರ್ಜಿ ತೆರೆದು ಅದರಲ್ಲಿದ್ದ ನಂಬರಿಗೆ ಫೋನ್ ಮಾಡಿದ್ದರೆ — ಮಾಡಲಿಲ್ಲ. ಪುರಾವೆ ಕೇಳುವವನು ಅದೊಂದು ದಿನ ಕೇಳಲಿಲ್ಲ.

ಆಕ್ಷೇಪವೇ ಬಂದಿಲ್ಲವೆಂದು ಸಂಸ್ಥೆ ಕೇಂದ್ರ ಮುಚ್ಚಿತು. ನಿಮ್ಮ ಕೈಲಿ ಅರ್ಜಿ ಹಾಕಿಸಿದ್ದ ಜನ, ಅವೆಲ್ಲಿ ಹೋದವು ಎಂದು ರೇಗಿದರು. ಸಿರುಗುಪ್ಪದಲ್ಲಿ ಸಭೆ ಕರೆದರು. ‘ಮಾತಾಡಾಕ ನೀನ ಸರಿ’ ಎಂದು ಮ್ಯಾನೇಜರ್ ನನ್ನನ್ನು ಕಳಿಸಿದರು.

ನೀವು ಎದ್ದು ನಿಂತಿರಿ. “ನೋಡ್ರಿ ಸಾರ್, ಎಂಬತ್ತಾರಕ್ಕೂ ಇದ ಬಂದೈತಿ. ಒಂದೊಂದೂ ಪ್ರಿಂಟ್ ತಗದು ಇಟ್ಟೀನಿ.”

ಹಿಂದಿನಿಂದ ಒಬ್ಬ ಅಂದ, “ಪ್ರಿಂಟ್ ಮಿಷನ್ ನಿನ್ನ ಅಂಗಡ್ಯಾಗ ಐತಲ್ಲಬೇ ಅಕ್ಕಾ. ನಾಳಿ ನೀನ ಕಲೆಕ್ಟರ್ ಅಂತ ಬೇಕಾರೂ ಪ್ರಿಂಟ್ ಹಾಕ್ಕೋಬೋದು.”

ಜನ ನಕ್ಕರು. ಒಂದು ಹಾಳೆ ನನ್ನ ಕೈಗೆ ಬಂತು. ‘ನಿಶ್ಚಿಂತೆಯಿಂದಿರಿ.’ ನನ್ನ ವಾಕ್ಯ.

ಅಲ್ಲಿಯವರೆಗಿನದು ದಡ್ಡತನ. ಅಲ್ಲಿಂದ ಮುಂದಿನದು ಅನ್ಯಾಯ. ಎಲ್ಲ ಅರ್ಥವಾಗಿತ್ತು ನನಗೆ — ಆ ಎಂಬತ್ತಾರೂ ಯಂತ್ರದವಲ್ಲ, ಮನುಷ್ಯರವು. ಆದರೂ ಬಾಯಿಗೆ ಗೆಲ್ಲುವ ಚಟ.

“ದಾಖಲ್ಯಾಗ ಇಲ್ಲಂದ್ರ ಅರ್ಜಿ ಬಂದೇ ಇಲ್ಲರಿ ಅಕ್ಕಾ.”

“ಹಂಗಂದ್ರ ನಾ ಸುಳ್ಳ ಹೇಳಾಕ ಹತ್ತೀನೇನ್ ತಮ್ಮಾ?”

“ನಾ ಅನ್ನಂಗಿಲ್ಲರಿ. ದಾಖಲಿ ಅಂತೈತಿ.”

ದಾಖಲೆ. ಬರೆಯಬೇಡ ಎಂದು ನಾನೇ ಬಾಯಿ ಹೊಲಿದಿದ್ದ ದಾಖಲೆಯನ್ನು ನಾನೇ ಸಾಕ್ಷಿಗೆ ಕರೆದೆ. ಚಪ್ಪಾಳೆಯನ್ನೂ ಹೊಡೆದರು, ಅಕ್ಕಾ. ಹೊಡೆದವರ ಮೇಲೆ ಇವತ್ತಿಗೂ ನನಗೆ ಸಿಟ್ಟು. ತಗೊಂಡವನ ಮೇಲೆ ಅದಕ್ಕಿಂತ ಹೆಚ್ಚು. ಮರುದಿನ ಬೆಳಿಗ್ಗೆ ಆ ಕ್ರಮವನ್ನು ಅಳಿಸಿಹಾಕಿದೆ.

ಆ ಎಂಬತ್ತಾರರಲ್ಲಿ ಒಬ್ಬಳಾದ ತೆಕ್ಕಲಕೋಟೆಯ ಗಂಗಮ್ಮನಿಗೆ ಹತ್ತನೆಯ ತರಗತಿಯ ಒಂದೇ ವಿಷಯ ಬಾಕಿ ಇತ್ತು. ಸಿರುಗುಪ್ಪಕ್ಕಾದರೆ ಆಕೆ ದುಡಿಯುವ ಅಕ್ಕಿ ಮಿಲ್ಲಿನಲ್ಲಿ ಅರ್ಧ ದಿನ ಬಿಡುತ್ತಿದ್ದರು, ಬಳ್ಳಾರಿಗೆಂದರೆ ಬಿಡಲಿಲ್ಲ. ಆಕೆ ಪರೀಕ್ಷೆಗೆ ಬರಲೇ ಇಲ್ಲ. ಹಾಜರಿ ಪಟ್ಟಿಯಲ್ಲಿ ಗೈರು ಎಂದಿತ್ತು — ಆ ದಾಖಲೆ ಮಾತ್ರ ಸರಿಯಾಗಿತ್ತು.

ಹೋದ ತಿಂಗಳು ಬೇರೆ ಕೆಲಸಕ್ಕೆ ಸಿರುಗುಪ್ಪಕ್ಕೆ ಬಂದವನು ನಿಮ್ಮ ಅಂಗಡಿಯ ಮುಂದೆ ನಿಂತಿದ್ದೆ. ಒಬ್ಬ ಮುದುಕ ಅರ್ಜಿ ಹಿಡಿದು ಮೆಟ್ಟಿಲು ಹತ್ತುತ್ತಿದ್ದ. ದಾರಿಯಲ್ಲಿ ಹೋಗುತ್ತಿದ್ದವನೊಬ್ಬ ಅವನ ತೋಳು ಹಿಡಿದು, “ಯಜ್ಜಾ, ಅರ್ಜಿ ಇಲ್ಲಿ ಬ್ಯಾಡ. ಆಯಮ್ಮ ಕಳಿಸಂಗಿಲ್ಲ, ಕಳಿಸೀನಿ ಅಂತಾಳ,” ಎಂದ. ಅವನು ಹೇಳಿದ್ದು ನಿಮಗೆ ಕೇಳಿಸಿತು. ನೀವು ತಲೆ ಎತ್ತಲಿಲ್ಲ, ಯಾರದೋ ಆಧಾರ್ ಕಾರ್ಡಿಗೆ ಲ್ಯಾಮಿನೇಶನ್ ಹಾಕುತ್ತಲೇ ಇದ್ದಿರಿ. ನಾನು ಮೆಟ್ಟಿಲು ಹತ್ತಲಿಲ್ಲ, ಬಸ್ಸು ಹತ್ತಿದೆ. ಅದೂ ಈ ಲೆಕ್ಕಕ್ಕೆ ಸೇರಲಿ.

ನನಗೆ ಆಗ ಇಪ್ಪತ್ಮೂರು, ಕೆಲಸ ಹೊಸದು, ಹೆದರಿಕೆ — ಇವನ್ನೆಲ್ಲ ಎದುರಾಳಿ ಹೇಳಿದ್ದರೆ ಎರಡು ನಿಮಿಷದಲ್ಲಿ ಚಿಂದಿ ಮಾಡುತ್ತಿದ್ದೆ. ಆದ್ದರಿಂದ ಹೇಳುವುದಿಲ್ಲ.

ಅಳಿಸಿದ ಕ್ರಮದ ಹಳೆಯ ಪ್ರತಿ ಉಳಿದಿದೆ, ಅಕ್ಕಾ. ಬರೆದವರ ಹೆಸರಿನ ಜಾಗದಲ್ಲಿ ನನ್ನ ಹೆಸರಿದೆ. ಅದರ ಜೊತೆಗೆ ಒಂದು ಪತ್ರ ಬರೆದು ಸಂಸ್ಥೆಗೂ ನಮ್ಮ ಕಚೇರಿಗೂ ಈ ಬೆಳಿಗ್ಗೆ ಕೊಟ್ಟಿದ್ದೇನೆ. ಕೆಲಸದ ಮಾತು ಅವರಿಗೆ ಬಿಟ್ಟದ್ದು. ಗಂಗಮ್ಮನ ಪರೀಕ್ಷೆ ಇದರಿಂದ ಮರಳಿ ಬರುವುದಿಲ್ಲ, ಬಲ್ಲೆ.

ಸೋಮವಾರ, ನಿಮ್ಮ ಅಂಗಡಿಯ ಬೀದಿಯಲ್ಲಿ ಸಂತೆಯ ಜನ ತುಂಬಿರುವ ಹೊತ್ತಿಗೆ ಬರುತ್ತೇನೆ. ಒಳಗೆ ಕರೆಯಬೇಡಿ. ಕುರ್ಚಿ ಕೊಡಬೇಡಿ. ಹೊರಗೆ ಮೆಟ್ಟಿಲ ಮೇಲೆ ನಿಂತು, ಎಲ್ಲರಿಗೂ ಕೇಳಿಸುವಂತೆ ಹೇಳುತ್ತೇನೆ.