ಹೊಟ್ಟೆ ತೊಳಸದ ಕಾರು

“ಅದರಲ್ಲಿ ಕೂತ್ರೆ ಹೊಟ್ಟೆ ತೊಳಸಲ್ಲ ಕಣೋ. ನಂಗೆ ಬೇಕಾಗಿರೋದು ಅಷ್ಟೇ,” ಅಂದಳು ಅತ್ತೆ, ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ.

“ಅಕ್ಕಾ, ಮೀಟರ್ ನೋಡಿದ್ಯಾ? ಎರಡು ಲಕ್ಷದ ಎಂಬತ್ತು ಸಾವಿರ ಕಿಲೋಮೀಟರ್! ಭೂಮಿಗೆ ಏಳು ಸುತ್ತು ಹಾಕಿ, ಸಾಕಪ್ಪಾ ಅಂತ ಮಲಗೋ ಹೊತ್ತಿಗೆ ನಿನ್ನ ಮನೆಗೆ ಬರ್ತಿದೆ,” ಅಂದ ಅಪ್ಪ.

“ನಾನೂ ಮದುವೆಗೆ ಮುಂಚಿಂದ ಇದೇ ಮೆಷಿನ್ ತುಳೀತಿದೀನಿ. ಮೀಟರ್ ಇಟ್ಟಿದ್ರೆ ನಂದೂ ಅಷ್ಟೇ ಓಡಿರ್ತಿತ್ತು. ನನ್ನನ್ನ ಗುಜರಿಗೆ ಹಾಕ್ತೀಯಾ?”

ಅಪ್ಪ ತಲೆ ಚಚ್ಚಿಕೊಂಡ. ನನಗೋ ಖುಷಿಯಲ್ಲಿ ಕುಣಿಯುವಂತಾಗಿತ್ತು, ಯಾಕೆಂದರೆ ಆ ಕಾರು ಬಂದರೆ ಓಡಿಸುವವಳು ನಾನೇ. ಲೈಸೆನ್ಸ್ ಇರುವುದು ನನಗೊಬ್ಬಳಿಗೆ, ಅದೂ ಹೋದ ತಿಂಗಳಷ್ಟೇ ಸಿಕ್ಕಿದ್ದು, ಇನ್ನೂ ಪರ್ಸಿನಿಂದ ತೆಗೆತೆಗೆದು ನೋಡುತ್ತಿದ್ದೆ.

ಅತ್ತೆಯದು ಆಲ್ಟರೇಷನ್ ಅಂಗಡಿ, ಒಂದು ಕಟ್ಟಡದ ಮೆಟ್ಟಿಲಿನ ಕೆಳಗೆ. ಹೊಸ ಬಟ್ಟೆ ಹೊಲಿಯುವುದಿಲ್ಲ. ಜನ ದಪ್ಪಗಾದರೆ ಬಿಚ್ಚುತ್ತಾಳೆ, ಸಣ್ಣಗಾದರೆ ಹಿಡಿಯುತ್ತಾಳೆ. ಯಾರಿಗೆ ಹೊಟ್ಟೆ ಬರುತ್ತಿದೆ ಎನ್ನುವುದು ಅವರ ಹೆಂಡತಿಗಿಂತ ಮೊದಲು ಇವಳಿಗೆ ಗೊತ್ತಾಗುತ್ತದೆ. ಗ್ರಾಹಕರ ಹತ್ತಿರ ಜಗಳಕ್ಕೂ ಸೈ, ನಗುವುದಕ್ಕೂ ಸೈ. ಆದರೆ ಯಾವುದೇ ವಾಹನ ಹತ್ತಿಸಿ, ಮೊದಲ ತಿರುವಿನಲ್ಲೇ ಮುಖ ಹಸಿರಾಗುತ್ತದೆ. ಬಸ್ಸು, ಆಟೋ, ಜೀಪು, ಎಲ್ಲದರಲ್ಲೂ ವಾಂತಿ. ಮಾತ್ರೆ ನುಂಗಿದರೆ ವಾಂತಿ ಇಲ್ಲ, ಆದರೆ ಪ್ರಜ್ಞೆಯೂ ಇಲ್ಲ. ಒಮ್ಮೆ ಹಾಗೇ ನಿದ್ದೆ ಹೊಡೆದು, ಬಸ್ ಡಿಪೋದಲ್ಲಿ ಗುಡಿಸುವವರು ಎಬ್ಬಿಸಿದ್ದರು.

ಅವಳ ಮಗಳಿರುವುದು ಗುಡ್ಡದ ಆಚೆಯ ಊರಿನಲ್ಲಿ. ಅಲ್ಲಿನ ಆಸ್ಪತ್ರೆಯಲ್ಲಿ ನರ್ಸ್. ಮಗು ಹುಟ್ಟಿ ಐದು ತಿಂಗಳಾಗಿತ್ತು. ಅಜ್ಜಿ ಮೊಮ್ಮಗಳನ್ನು ನೋಡಿದ್ದು ಬರೀ ಫೋನಿನಲ್ಲಿ. ಎರಡು ಸಲ ಬಸ್ಸು ಹತ್ತಿ, ಎರಡು ಸಲವೂ ಗುಡ್ಡದ ಬುಡದಲ್ಲೇ ಇಳಿದು, ಸೆರಗಿನಲ್ಲಿ ಬಾಯಿ ಒರೆಸಿಕೊಳ್ಳುತ್ತಾ ನಡೆದೇ ವಾಪಸ್ ಬಂದಿದ್ದಳು. ಮಗು ಫೋನಿನ ಪರದೆಯನ್ನೇ ಅಜ್ಜಿ ಅಂದುಕೊಂಡು ನೆಕ್ಕುತ್ತಿತ್ತು. ಅದನ್ನು ನೋಡಿದ ಮೇಲಂತೂ ಅತ್ತೆಗೆ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ಸೂಜಿಯ ಕೆಳಗೆ ಬಟ್ಟೆಯಿಲ್ಲದಿದ್ದರೂ ಕಾಲು ಮೆಷಿನ್ ತುಳಿಯುತ್ತಲೇ ಇರುತ್ತಿತ್ತು.

ಆಗ ಬಂದವರು ಮ್ಯಾನೇಜರ್. ಬ್ಯಾಂಕಿನಿಂದ ರಿಟೈರ್ ಆದವರು, ಕೋಟಿನ ಸೊಂಟ ಬಿಚ್ಚಿಸಿಕೊಳ್ಳಲು ಬರುತ್ತಿದ್ದರು. ಒಂದು ಸಂಜೆ ಅತ್ತೆಯನ್ನು ತಮ್ಮ ಹಳೇ ಕಪ್ಪು ಕಾರಿನಲ್ಲಿ ಮನೆಗೆ ಬಿಟ್ಟರು. ಹಡಗಿನಂಥ ಕಾರು, ಹೊಸದರಲ್ಲಿ ಮಂತ್ರಿಗಳು ಓಡಾಡುತ್ತಿದ್ದಂಥದ್ದು. ಸ್ಪ್ರಿಂಗಿನ ಬದಲು ರಬ್ಬರಿನ ಗಾಳಿಚೀಲಗಳ ಮೇಲೆ ಕೂರುತ್ತದಂತೆ. ಅತ್ತೆ ದಾರಿಯುದ್ದಕ್ಕೂ ಕೋಟಿನ ಹಳೇ ಬಾಕಿಯ ಬಗ್ಗೆ ಅವರನ್ನು ತರಾಟೆಗೆ ತೆಗೆದುಕೊಂಡು, ಮನೆ ಮುಂದೆ ಇಳಿದು, ಗೇಟಿನ ಹತ್ತಿರ ನಿಂತುಬಿಟ್ಟಳು. ಅಲ್ಲಿಂದಲೇ ನನ್ನನ್ನು ಕೂಗಿದಳು.

“ಲೇ! ನಂಗೆ ಏನೂ ಆಗ್ಲಿಲ್ಲ ಕಣೇ!”

ಕಾರು ಮಾರಾಟಕ್ಕಿದೆ, ಹೊಸ ಸ್ಕೂಟರಿಗಿಂತ ಚೂರು ಜಾಸ್ತಿ ಅಷ್ಟೇ ಎಂದು ಗೊತ್ತಾದ ಮೇಲೆ ಶುರುವಾಯಿತು ನೋಡಿ. ಮೊದಲ ಭಾನುವಾರ ಟೆಸ್ಟ್ ಡ್ರೈವ್ ಪೆಟ್ರೋಲ್ ಬಂಕ್ ತನಕ. ಮುಂದಿನ ಭಾನುವಾರ ಕೆರೆ ತನಕ. ಸ್ಟೀರಿಂಗ್ ಮ್ಯಾನೇಜರ್ ಯಾರಿಗೂ ಕೊಡುತ್ತಿರಲಿಲ್ಲ, ನನಗೆ ಹೊಟ್ಟೆ ಉರಿ. ಅತ್ತೆ ಮುಂದಿನ ಸೀಟಿನಲ್ಲಿ ಕೂತು, ಸೀಟಿನ ಹೊಲಿಗೆ ಬಿಟ್ಟಿದೆ, ಚಾವಣಿಯ ಬಟ್ಟೆ ಜೋಲುತ್ತಿದೆ, ಇಷ್ಟು ಕಡಿಮೆ ಮಾಡಿ ಎಂದು ಚೌಕಾಸಿ ಮಾಡುವುದು. ಅವರು “ಮೇಡಂ, ಇದು ಮರ್ಯಾದಸ್ಥ ಗಾಡಿ” ಅನ್ನುವುದು. ಇಳಿದ ಮೇಲೆ “ಯೋಚನೆ ಮಾಡಿ ಹೇಳ್ತೀನಿ” ಎಂದು ಬಂದು, ಇಡೀ ವಾರ ನಮ್ಮೆಲ್ಲರ ತಲೆ ತಿನ್ನುವುದು. ತಗೊಳ್ಳಲಾ? ಬೇಡವಾ? ಕೆಟ್ಟು ನಿಂತರೆ? ಇನ್ಯಾರಾದರೂ ಎತ್ತಿಕೊಂಡು ಹೋದರೆ?

ಮೂರನೇ ಭಾನುವಾರ ಅತ್ತೆಯೇ ಅಂದಳು, “ಇವತ್ತು ಗುಡ್ಡ ಹತ್ತಿಸಿ. ತಿರುವಲ್ಲಿ ತಡಕೊಂಡ್ರೆ ನಾಳೇನೇ ದುಡ್ಡು ಎಣಿಸ್ತೀನಿ.”

ನಾನು ಹಿಂದೆ ಕೂತು ತಿರುವು ಎಣಿಸುತ್ತಿದ್ದೆ. ಒಂದು ತಿರುವು ಹೋಯಿತು, ಇನ್ನೊಂದು ಹೋಯಿತು. ಅತ್ತೆ ಜೋಲುವ ಚಾವಣಿಯ ವಿಷಯದಲ್ಲಿ ಮುಳುಗಿದ್ದಳು. ಅರ್ಧ ಗುಡ್ಡ ಏರುವಷ್ಟರಲ್ಲಿ ಕಾರಿನ ಮುಂದಿನ ಒಂದು ಮೂಲೆ ಉಸ್ಸೆಂದು ನಿಟ್ಟುಸಿರು ಬಿಟ್ಟು, ಒಂಟೆ ಮಂಡಿಯೂರುವ ಹಾಗೆ ಮೆಲ್ಲಗೆ ರಸ್ತೆಗೆ ಕೂತುಬಿಟ್ಟಿತು.

ಮ್ಯಾನೇಜರ್ ಇಳಿದು ಸುತ್ತು ಹಾಕಿದರು. “ಸುಸ್ತಾಗಿರಬೇಕು,” ಅಂದರು. ನಿಜವಾಗಿಯೂ ಹಾಗೇ ಅಂದರು!

ಫೋನ್ ಮಾಡಿ ಕರೆಸಿದ ಟೋಯಿಂಗ್ ಲಾರಿ ಬಂದಾಗ ಮಧ್ಯಾಹ್ನವಾಗಿತ್ತು. ಡ್ರೈವರ್ ಕಾರನ್ನು ಮೇಲಕ್ಕೆಳೆದು ಕಟ್ಟಿ, “ಈ ಜಾತಿ ಗಾಡಿ ಮುಟ್ಟೋನು ಒಬ್ನೇ, ಆಚೆ ಊರಲ್ಲಿದಾನೆ. ಬರೋರು ಹತ್ತಿ,” ಅಂದ.

ಆಚೆ ಊರು. ಅತ್ತೆ ನನ್ನ ಮುಖ ನೋಡಿದಳು. ಡೀಸೆಲ್ ವಾಸನೆ ಹೊಡೆಯುವ ಲಾರಿಯ ಕ್ಯಾಬಿನ್, ಮುಂದೆ ಉಳಿದಿದ್ದೆಲ್ಲ ತಿರುವು. ವಾಪಸ್ ಹೋಗೋಣ ಎಂದರೂ ಸಂಜೆಯವರೆಗೆ ಬಸ್ಸಿಲ್ಲ. ಬ್ಲೌಸಿನೊಳಗಿಂದ ಪ್ಲಾಸ್ಟಿಕ್ ಕವರ್ ತೆಗೆದು, ಊದಿ ಅಗಲ ಮಾಡಿ, ಬಲಿಗೆ ಹೊರಟವಳ ಹಾಗೆ ಹತ್ತಿದಳು. ನಾಲ್ವರೂ ಒತ್ತಿಕೊಂಡು ಕೂತೆವು. ಲಾರಿ ಹೊರಟಿತು. ಅತ್ತೆ ಕಣ್ಣು ಮುಚ್ಚಿದಳು, ಹಣೆಯಲ್ಲಿ ಬೆವರು.

ಆಗ ಮ್ಯಾನೇಜರ್ ಗಂಟಲು ಸರಿಮಾಡಿಕೊಂಡರು. “ಮೇಡಂ, ಸಣ್ಣ ರಿಪೇರಿ ಇದು. ರೇಟಲ್ಲಿ ಏನೂ ಬದಲಾವಣೆ ಇಲ್ಲ.”

ಅತ್ತೆಯ ಕಣ್ಣು ಪಟಕ್ಕನೆ ತೆರೆಯಿತು.

“ಏನಂದ್ರಿ? ಮಂಡಿ ಮುರಕೊಂಡು ಬಿದ್ದಿರೋದಕ್ಕೂ ಅದೇ ರೇಟಾ?”

“ಒಂದು ಕಾಲು ತಾನೇ ಹೋಗಿರೋದು, ಮೂರು ಚೆನ್ನಾಗಿವೆ.”

“ಪ್ಯಾಂಟಲ್ಲಿ ಒಂದು ಕಾಲು ಹರಿದಿದ್ರೆ ಮುಕ್ಕಾಲು ಪ್ಯಾಂಟ್ ಅಂತ ಮಾರ್ತೀರಾ ನೀವು?”

“ಅಕ್ಕೋರು ಸರಿಯಾಗೇ ಕೇಳ್ತಿದಾರೆ ಸಾರ್,” ಅಂದ ಡ್ರೈವರ್.

“ನೀನು ರಸ್ತೆ ನೋಡಪ್ಪ!” ಎಂದು ಇಬ್ಬರೂ ಒಟ್ಟಿಗೇ ಗದರಿದರು.

ಲಾರಿ ಎಡಕ್ಕೆ ವಾಲಿತು, ಬಲಕ್ಕೆ ವಾಲಿತು. ನಾನು ಅತ್ತೆಯ ಮೇಲೆ, ಅತ್ತೆ ಮ್ಯಾನೇಜರ್ ಮೇಲೆ, ಮ್ಯಾನೇಜರ್ ಬಾಗಿಲ ಮೇಲೆ. ನನ್ನ ಹೊಟ್ಟೆಯೇ ಬಾಯಿಗೆ ಬಂದಿತ್ತು. ಅತ್ತೆಯದು ಮಾತ್ರ ಬಾಯಿಯೊಂದೇ ಕೆಲಸ ಮಾಡುತ್ತಿತ್ತು, ಕವರ್ ಯಾವಾಗಲೋ ಕಾಲಡಿ ಸೇರಿತ್ತು. ನಾನು ಹೇಳಲಿಲ್ಲ. ಎಲ್ಲಿ ಹೇಳಿದರೆ ನೆನಪಾಗಿ ಶುರುವಾಗುತ್ತದೋ ಎಂದು ತುಟಿ ಕಚ್ಚಿಕೊಂಡು ಕೂತೆ. ಆದರೆ ತಲೆಯೊಳಗೆ ದೀಪ ಹತ್ತಿತ್ತು. ಆ ಮೊದಲ ಸಂಜೆಯೂ ಬಾಕಿಗೆ ಜಗಳ, ಮೂರು ಭಾನುವಾರವೂ ಚೌಕಾಸಿ. ಬಸ್ಸಿನಲ್ಲಾದರೆ ಇವಳು ಕಣ್ಣು ಮುಚ್ಚಿ, ಈಗ ಬರುತ್ತೆ, ಈಗ ಬರುತ್ತೆ ಎಂದು ವಾಂತಿಗೇ ಕಾಯುತ್ತಾ ಕೂರುತ್ತಾಳೆ!

ಗ್ಯಾರೇಜಿನವನು ಕಾರಿನ ಕೆಳಗೆ ಟಾರ್ಚ್ ಬಿಟ್ಟು ನೋಡಿ, ಕೈ ಒರೆಸಿಕೊಂಡ. ನಾಲ್ಕೂ ಗಾಳಿಚೀಲ ಸವೆದಿವೆ, ಬದಲಿಸಿದರೆ ಕಾರಿನ ಬೆಲೆಯಷ್ಟೇ ಆಗುತ್ತದೆ. ಮಾಮೂಲಿ ಸ್ಪ್ರಿಂಗ್ ಹಾಕಬಹುದು, ಆಗ ಇದೂ ಎಲ್ಲ ಕಾರಿನ ಹಾಗೇ ಕುಲುಕುತ್ತದೆ.

ಅತ್ತೆ ಕಪ್ಪು ಬಾನೆಟ್ಟಿನ ಮೇಲಿನ ಧೂಳನ್ನು ಸೆರಗಿನಲ್ಲಿ ಒರೆಸಿದಳು. “ಹಾಗಾದ್ರೆ ಬೇಡ,” ಅಂದಳು ಕೊನೆಗೆ, ಸ್ವರ ಸಣ್ಣಗಾಗಿತ್ತು. “ನನ್ನ ಹಣೇಲಿ ಮಗು ಮುಖ ನೋಡೋದು ಬರೆದಿಲ್ಲ ಬಿಡು.”

“ಅತ್ತೇ, ನೀನೀಗ ಎಲ್ಲಿದೀಯ?”

ಅವಳು ಸುತ್ತ ನೋಡಿದಳು. ಎದುರಿಗೇ ಆಸ್ಪತ್ರೆ. ವಿಡಿಯೋ ಕಾಲಿನಲ್ಲಿ ಮಗಳ ಬೆನ್ನ ಹಿಂದೆ ಎಷ್ಟೋ ಸಲ ಕಂಡಿದ್ದ ಅದೇ ಹಳದಿ ಕಾಂಪೌಂಡು. ಜಗಳದ ಭರದಲ್ಲಿ ಗುಡ್ಡ ದಾಟಿದ್ದೇ ಗೊತ್ತಾಗಿರಲಿಲ್ಲ. ಹೊಟ್ಟೆಯ ಮೇಲೆ ಕೈಯಿಟ್ಟು ನೋಡಿಕೊಂಡಳು. ಆಮೇಲೆ ಓಡಿದಳು. ನಮ್ಮತ್ತೆ, ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು!

ಆಸ್ಪತ್ರೆಯ ಹಿಂದಿನ ಕ್ವಾರ್ಟರ್ಸಿನಲ್ಲಿ ಬಾಗಿಲು ತೆರೆದ ಮಗಳು ಗೋಡೆ ಹಿಡಿದುಕೊಂಡಳು. “ಅಮ್ಮಾ! ಯಾವುದ್ರಲ್ಲಿ ಬಂದೆ?”

“ಲಾರೀಲಿ. ಮಗು ಎಲ್ಲಿ?”

ಮಗು ಅಜ್ಜಿಯನ್ನು ಕಣ್ಣರಳಿಸಿ ನೋಡಿತು. ಪರದೆಯಿಂದ ಹೊರಗೆ ಬಂದಿದ್ದು ಅದಕ್ಕೆ ಒಪ್ಪಿಗೆಯಾಗಲಿಲ್ಲವೋ ಏನೋ, ಕಿಟಾರನೆ ಕಿರುಚಿತು. ಅತ್ತೆ ಅಳುತ್ತಾ ನಗುತ್ತಾ ಅದರ ಅಂಗಿಯ ತೋಳು ಎಳೆದು, “ಇದ್ಯಾರು ಹೊಲಿದಿದ್ದು? ಕಂಕುಳಲ್ಲಿ ಬಿಗಿ. ಅದಕ್ಕೇ ಅಳ್ತಿದೆ ಕೂಸು,” ಅಂದಳು.

ಕೊನೆಯ ಬಸ್ಸಿಗೆ ಬಸ್‌ಸ್ಟ್ಯಾಂಡಿನಲ್ಲಿ ನಿಂತಾಗ ನಾನು ಕಂಡುಹಿಡಿದಿದ್ದನ್ನು ಹೇಳಿದೆ: ವಾಂತಿ ತಡೆದಿದ್ದು ಕಾರಲ್ಲ, ಜಗಳ. ಅತ್ತೆ ನಂಬಲಿಲ್ಲ. ಒಂದು ಸಲ ಆಗಿದ್ದು ಇನ್ನೊಂದು ಸಲ ಆಗಬೇಕಲ್ಲ ಎಂದು ಸೆರಗಿನ ತುದಿ ಸುತ್ತುತ್ತಾ, ಬಸ್ಸಿನ ಚಕ್ರಗಳನ್ನೇ ದುರುಗುಟ್ಟಿ ನೋಡಿದಳು. ಆಮೇಲೆ ಮ್ಯಾನೇಜರ್ ಕಡೆ ತಿರುಗಿದಳು.

“ಕಾರು ತಗೊಂಡು ಹೋಗೋಕೆ ಯಾವಾಗ ಬರ್ತೀರಿ?”

“ಮುಂದಿನ ಭಾನುವಾರ ಬಾ ಅಂದಿದಾನೆ. ಯಾಕೆ, ನೀವು ಬೇಡ ಅಂದ್ರಲ್ಲ?”

“ಕಾರು ಬೇಡ. ಆದ್ರೆ ನೀವು ಹೇಳಿದ ರೇಟು ಅನ್ಯಾಯ, ಅದು ಇನ್ನೂ ತೀರ್ಮಾನ ಆಗಿಲ್ಲ. ಬೆಳಗಿನ ಬಸ್ಸಿಗೆ ಬನ್ನಿ, ನನ್ನ ಪಕ್ಕದಲ್ಲೇ ಕೂತ್ಕೊಳ್ಳಿ. ಮಗು ಅಂಗಿ ಅಷ್ಟರಲ್ಲಿ ಹೊಲಿದಿಟ್ಟಿರ್ತೀನಿ, ಕೊಡಬೇಕು.”

ಮ್ಯಾನೇಜರ್ ಕೋಟಿನ ಗುಂಡಿ ಹಾಕಿಕೊಳ್ಳುತ್ತಾ, “ಎಷ್ಟು ಗಂಟೆ ಬಸ್ಸು?” ಅಂದರು.