ಗೋಣಿ ಪರದೆಯ ಹಿಂದಿನ ರಸೂಲ್ ಸಾಬರು

ರಸೂಲ್ ಸಾಬರ ಮೇಲಿನ ಸಿಟ್ಟು ನನಗೆ ಇಂದಿಗೂ ಪೂರ್ತಿ ಇಳಿದಿಲ್ಲ. ಚನ್ನಪಟ್ಟಣದ ಮಲ್ಲಿಕಾರ್ಜುನಯ್ಯನವರ ಗೊಂಬೆ ಕಾರ್ಖಾನೆಯಲ್ಲಿ ಹನ್ನೊಂದು ವರ್ಷ ನಾನು ಮರದ ಗಿಲಕಿ ಕಡೆದೆ, ಅವರು ಅರಗು ಕಾಯಿಸಿ ಬಣ್ಣ ಕೂಡಿಸಿದರು. ನಡುವೆ ಒಂದು ಗೋಣಿ ಪರದೆ. ಇಣುಕಿದರೆ, "ಇದೇನು ತೊಗಲುಬೊಂಬೆ ಆಟ ಅಂದ್ಕಂಡೇನ್ಲಾ ಸಿದ್ದಯ್ಯ? ಓಗು, ನಿನ್ ಗಿಲಕಿ ಅಳ್ತಾ ಐತೆ" ಎನ್ನುತ್ತಿದ್ದರು.

ಕಾರಣವಿತ್ತು, ಇಲ್ಲವೆನ್ನುವುದಿಲ್ಲ. ಮೊದಲಿದ್ದ ಕಾರ್ಖಾನೆಯಲ್ಲಿ ಇಬ್ಬರಿಗೆ ಕಲಿಸಿದ್ದರಂತೆ. ಅವರು ಕಲಿತ ತಿಂಗಳೇ ಅಲ್ಲಿಯ ಸಾಹುಕಾರ ಇವರನ್ನು ಕೆಲಸದಿಂದ ತೆಗೆದಿದ್ದ.

ಜರ್ಮನ್ ಯುದ್ಧ ಮುಗಿದ ಮರುವರ್ಷ. ಗಿಲಕಿಗೆ ಹಚ್ಚಲು ಪರದೆಯ ಆಚೆಯಿಂದ ಬಂದ ಕೆಂಪು ಅರಗಿನ ಕಡ್ಡಿ ಇಟ್ಟಿಗೆಯ ಬಣ್ಣಕ್ಕಿತ್ತು. ಮರುದಿನ ಹಳದಿ ಕೇಳಿದರೆ ಕಿತ್ತಳೆ ಬಂತು. ರೇಗಿ ಪರದೆ ಎಳೆದೆ. ಸಾಬರು ಬಣ್ಣದ ಪುಡಿಯನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ನೋಡುತ್ತಿದ್ದರು. ಎರಡೂ ಕಣ್ಣಿಗೆ ಪೊರೆ ಬಂದಿತ್ತು.

"ಯಜಮಾನ್ರಿಗೆ ಏಳ್ಬ್ಯಾಡ ಕಣ್ಲಾ. ಈ ಕೆಲ್ಸ ಓದ್ರೆ ನಾನೂ ನನ್ ಎಂಡ್ತಿ ಗುಲ್ಜಾರ್ ಬೀನೂ ಮಸೀದಿ ಮುಂದೆ ಕೂರ್ಬೇಕು."

"ಅನ್ನೊಂದು ವರ್ಸ ಸತಾಯ್ಸಿದ್ರಲ್ಲ ಸಾಬ್ರೆ."

"ಈಗ ಕಲಿ. ನಿನ್ ಕಣ್ಣು, ನನ್ ಕೈ."

ಕಾದ ಅರಗನ್ನು ಎಳೆದಾಗ ತುಂಡಾಗದೆ ದಾರದಂತೆ ಬರಬೇಕು, ಆಮೇಲೇ ಪುಡಿ. ಅವರು ಎಳೆಯುವರು, ನಾನು "ಒಸಿ ಕಮ್ಮಿ" ಎಂದು ಪಿಸುಗುಟ್ಟುವೆ. ಯಜಮಾನರ ಮೆಟ್ಟಿನ ಸದ್ದಾದರೆ ನಾನು ಪರದೆ ಸರಿಸಿ ಈಚೆ ಬರುತ್ತಿದ್ದೆ. ಐದು ತಿಂಗಳು ಹೀಗೆ ಹೆದರಿಕೊಂಡೇ ನಡೆಸಿದೆವು.

ಒಂದು ಮಧ್ಯಾಹ್ನ ಯಜಮಾನರು ಪರದೆಯ ಈಚೆ ನನ್ನನ್ನು ತಡೆದು, "ಏನಯ್ಯಾ, ಯಾವಾಗ್ಲೂ ಒಳಗೇ ಇರ್ತೀಯ. ಬಣ್ಣದ ಕೆಲ್ಸ ನಿನ್ನಂಥೋನ ತಲೆಗೆ ಹತ್ತೋದುಂಟೆ?" ಎಂದು ನಕ್ಕರು.

"ಯಾಕ್ ಅತ್ತಾಕಿಲ್ಲ ಬುದ್ಧಿ? ಸಾಬ್ರು ಇಲ್ದೇನೂ ಮಾಡ್ತೀನಿ" ಎಂದುಬಿಟ್ಟೆ.

ಪರದೆಯ ಆಚೆ ಅರಗು ಬಡಿಯುವ ಸದ್ದು ನಿಂತಿತು.

ಶನಿವಾರ ಸಾಬರನ್ನು ಕೆಲಸದಿಂದ ತೆಗೆದರು. ಹೋಗುವಾಗ, "ಅಸಿರಿಗೆ ನೀಲಿ ಜಾಸ್ತಿ ಆಕ್ಬ್ಯಾಡ" ಎಂದರು, ಅಷ್ಟೇ. ಬೈದಿದ್ದರೆ ನಾನೂ ತಿರುಗಿ ಬೈಯುತ್ತಿದ್ದೆ.

ಕೆಲಸ ಕಲಿತವನು ಉಸ್ತಾದರ ಮನೆಗೆ ಹೋಗಿ ಎಲೆ ಅಡಿಕೆ, ಒಂದು ರುಮಾಲು ಕೊಟ್ಟು ಕೈ ಮುಗಿಯಬೇಕು. ನಮ್ಮ ಕಸುಬಿನ ಪದ್ಧತಿ. ಎರಡು ಸಲ ಅವರ ಬೀದಿಯ ತಿರುವಿನವರೆಗೆ ಹೋಗಿ ಹಿಂದಿರುಗಿದೆ. ಮೂರನೆಯ ಸಲ ಹೊರಡುವ ಮೊದಲೇ ಅವರು ತೀರಿಕೊಂಡ ಸುದ್ದಿ ಬಂತು. ರುಮಾಲು ನನ್ನ ಪೆಟ್ಟಿಗೆಯಲ್ಲೇ ಇದೆ.