ಮಾವಶಿಯ ಹಾಡಿನ ಪೆಟ್ಟಿಗೆ

ಸೂಜಿಯ ಕಣ್ಣನ್ನು ನಾಲಿಗೆಯ ತುದಿಗೆ ಹಚ್ಚಿ, ತುಟಿಗಳ ನಡುವೆಯೇ ದಾರ ತೂರಿಸಿ, ಹಲ್ಲಿನಿಂದ ಎಳೆದು ಹೊರತೆಗೆಯುತ್ತಿದ್ದರು ನಮ್ಮ ಮಾವಶಿ. ಮಿರಜಿನಲ್ಲಿ ನಮ್ಮ ಗೋಡೆಗೆ ಅಂಟಿದ ಮನೆ ಅವರದು. ರಕ್ತಸಂಬಂಧವೇನಿಲ್ಲ, ಓಣಿಗೆಲ್ಲ ಅವರು ಮಾವಶಿ, ಮರಾಠಿಯ ಚಿಕ್ಕಮ್ಮ. ನಡುವಯಸ್ಸಿನಲ್ಲಿ ಕಣ್ಣು ಹೋದ ಮೇಲೂ ಕೌದಿ ಹೊಲಿಯುವುದನ್ನು ಬಿಟ್ಟಿರಲಿಲ್ಲ. ಯಾರಾದರೂ ಅಯ್ಯೋ ಅಂದರೆ, ಅವರ ಬೆರಳನ್ನು ಹಿಡಿದು ತಾವು ಹೊಲಿದ ಅಂಚಿನ ಮೇಲೆ ಆಡಿಸಿ, ಎಲ್ಲಾದರೂ ಸೊಟ್ಟ ಸಿಕ್ಕಿತೇ ಎಂದು ಕೇಳುತ್ತಿದ್ದರು.

ಕೈ ಹೊಲಿಯುವಾಗ ಕಿವಿಗೆ ಹಾಡು ಬೇಕು. ಆರಗದಲ್ಲಿದ್ದ ಅವರ ತಂಗಿ ಬೀಸುವ ಪದಗಳನ್ನು ಹಾಡಿ, ಉಗುರಿನಷ್ಟಗಲದ ಮೆಮರಿ ಕಾರ್ಡಿಗೆ ತುಂಬಿಸಿ ಕಳಿಸುತ್ತಿದ್ದರು. ಭಜನೆಯದೊಂದು, ಮರಾಠಿ ನಾಟ್ಯಗೀತೆಗಳದೊಂದು, ಹೀಗೆ ಬೇರೆ ಕಾರ್ಡುಗಳೂ ಇದ್ದವು. ಮುಟ್ಟಿದರೆ ಎಲ್ಲವೂ ಒಂದೇ. ಯಾವುದು ಯಾವುದೆಂದು ಹೇಳಲು ಸೊಸೆಯನ್ನು ಕರೆಯಬೇಕು. ಅವಳು ಕುಪವಾಡದ ಕಾರ್ಖಾನೆಗೆ ಹೋಗಿದ್ದರೆ ಸಂಜೆಯವರೆಗೆ ಕಾಯಬೇಕು.

"ಪ್ರತಿಸಲ ಒಬ್ಬರನ್ನ ಕರೀಬೇಕಂದ್ರ ಕೇಳೂ ಆಸೇನ ಹೋಗತೈತಿ ನೋಡ ತಮ್ಮಾ," ಎಂದರು ಒಂದು ದಿನ.

ಸಾಂಗ್ಲಿಯಲ್ಲಿ ನನ್ನದು ಕಂಪ್ಯೂಟರ್ ರಿಪೇರಿ ಅಂಗಡಿ. ಅಂಗೈಯಗಲದ ಒಂದು ಕಂಪ್ಯೂಟರನ್ನು ಸ್ಪೀಕರಿನ ಪೆಟ್ಟಿಗೆಯೊಳಗೆ ಕೂರಿಸಿ, ಕಾರ್ಡು ಹಾಕಿದ ಕೂಡಲೇ ತಾನಾಗಿ ಓಡುವ ಚಿಕ್ಕ ಸ್ಕ್ರಿಪ್ಟ್, ಅಂದರೆ ಆಜ್ಞೆಗಳ ಪಟ್ಟಿ, ಬರೆದೆ. ಅದು ಕಾರ್ಡಿಗೆ ನಾನಿಟ್ಟ ಹೆಸರು ಪತ್ತೆಮಾಡಿ, ಗಟ್ಟಿಯಾಗಿ ಹೇಳಿ, ಹಾಡು ಶುರುಮಾಡಬೇಕು. ಅಂಗಡಿಯಲ್ಲಿ ಕಾರ್ಡನ್ನು ಮೊದಲೇ ಹಾಕಿಟ್ಟು, ನಾನೇ ಕಮಾಂಡ್ ಕೊಟ್ಟು ಓಡಿಸಿದಾಗ ಹೆಸರು ಸರಿಯಾಗಿ ಬಂತು. ಮಾವಶಿ ಕಾರ್ಡು ಹಾಕಿದಾಗ ಮಾತ್ರ ಪೆಟ್ಟಿಗೆ "ಇದು" ಎಂದಿತು, ಸುಮ್ಮನಾಯಿತು, "ಕಾರ್ಡು" ಎಂದಿತು. ಹೆಸರಿನ ಜಾಗ ಖಾಲಿ.

ಮಾವಶಿ ನಕ್ಕರು. ನನಗೆ ನಗು ಬರಲಿಲ್ಲ. ಏನಾದರೂ ಎಡವಟ್ಟಾದರೆ ಒಂದು ಫೈಲಿನಲ್ಲಿ ಬರೆದಿಡುವಂತೆ ಮಾಡಿದೆ. ಅದರಲ್ಲಿ ತಪ್ಪೂ ಇರಲಿಲ್ಲ, ಉತ್ತರವೂ ಇರಲಿಲ್ಲ. ಕಾರ್ಡು ಸಜ್ಜಾಗುವ ಮೊದಲೇ ಕೇಳುತ್ತಿದ್ದೇನೇನೋ ಎಂದು ಸ್ಕ್ರಿಪ್ಟ್ ತುಸು ಹೊತ್ತು ಕಾಯುವಂತೆ ಬರೆದೆ. ಆಮೇಲೆ ಇನ್ನಷ್ಟು ಹೊತ್ತು. ಖಾಲಿ ಜಾಗ ಉದ್ದವಾಯಿತೇ ಹೊರತು ತುಂಬಲಿಲ್ಲ. ಇಷ್ಟು ಕಾದರೂ ಹೆಸರು ಹೇಳುತ್ತಿಲ್ಲವೆಂದು ಪಕ್ಕದಲ್ಲಿ ಹೊಲಿಯುತ್ತ ಕೂತಿದ್ದ ಮಾವಶಿಯ ಮುಂದೆ ಗೊಣಗಿದೆ.

"ಅದೂ ನಿನ್ನ ಹಾದಿ ಕಾಯಾಕ ಹತ್ತಿರಬೇಕು," ಎಂದರು. "ನಾನೂ ನಮ್ಮ ತಂಗೀನೂ ಮಾತ ಬಿಟ್ಟಾಗ ಹಂಗ ಆಗಿತ್ತು. ಆಕಿ ಮೊದಲ ಮಾತಾಡ್ಲಿ ಅಂತ ನಾ, ನಾ ಮಾತಾಡ್ಲಿ ಅಂತ ಆಕಿ."

ಚೇಷ್ಟೆಗೆ ಅಂದದ್ದು. ಆದರೆ ಕೀಲಿಮಣೆಯ ಮೇಲೆ ನನ್ನ ಕೈ ನಿಂತಿತು. ಆಗುತ್ತಿದ್ದದ್ದೂ ಅದೇ. ಕಂಪ್ಯೂಟರ್ ಹೊಸ ಕಾರ್ಡಿನ ಹೆಸರನ್ನು ತನ್ನ ನೆನಪಿಗೆ ಸೇರಿಸಿಕೊಳ್ಳುವುದು ನನ್ನ ಸ್ಕ್ರಿಪ್ಟ್ ಮುಗಿದ ಮೇಲೆ. ಸ್ಕ್ರಿಪ್ಟೋ ಆ ಹೆಸರಿಗಾಗಿಯೇ ಮುಗಿಯದೆ ಕಾಯುತ್ತಿತ್ತು. ಕೆಲಸವನ್ನು ಎರಡು ಪಾಲು ಮಾಡಿದೆ. ಮೊದಲನೆಯದು ಕಾರ್ಡು ಬಂತೆಂದು ಸುದ್ದಿ ಕೊಟ್ಟು ಮುಗಿದುಬಿಡುವುದು. ಅದು ಮುಗಿದ ಮೇಲೆ ಎರಡನೆಯದು ಎದ್ದು ಹೆಸರು ಕೇಳುವುದು.

ಮಾವಶಿ ಕಾರ್ಡು ಹಾಕಿದರು. "ಇದು ಆರಗ ಕಾರ್ಡು" ಎಂದಿತು ಪೆಟ್ಟಿಗೆ. ಹಿಂದೆಯೇ ತಂಗಿಯ ಪದ ಎದ್ದಿತು. ಮಾವಶಿ ಸೂಜಿಯನ್ನು ಬಟ್ಟೆಗೆ ಚುಚ್ಚಿ, ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಕೇಳಿದರು. ಆಮೇಲೆ ಅದನ್ನು ತೆಗೆದು ಇನ್ನೊಂದು ಹಾಕಿದರು, ಮತ್ತೊಂದು ಹಾಕಿದರು; ಸೊಸೆ ಕೆಲಸದಿಂದ ಬರುವವರೆಗೂ ಅದೇ ಆಟ.

ಯಂತ್ರದ ದನಿ ಮಾತ್ರ ಅವರಿಗೆ ಹಿಡಿಸಲಿಲ್ಲ. ಹೆಸರುಗಳನ್ನು ತಾವೇ ಹೇಳಿ ರೆಕಾರ್ಡ್ ಮಾಡಿಸಿದರು. ತಂಗಿಯ ಕಾರ್ಡಿಗೆ ಊರಿನ ಹೆಸರೇಕೆ ಎಂದು, "ನಮ್ಮ ಸಣ್ಣಾಕಿ ಬಂದ್ಲು" ಎಂದರು.

ಹೋದ ಚಳಿಗಾಲದಲ್ಲಿ ಮಾವಶಿ ತೀರಿಕೊಂಡರು. ಮಧ್ಯಾಹ್ನ ಉಂಡು, ಹಾಡು ಕೇಳುತ್ತ ಅಡ್ಡಾದವರು ಏಳಲಿಲ್ಲ. ಪೆಟ್ಟಿಗೆಯನ್ನು ಸೊಸೆ ಆರಗಕ್ಕೆ ಒಯ್ದು ತಂಗಿಗೆ ಕೊಟ್ಟು ಬಂದಳು. ಈಚೆಗೆ ಅದು ಹೇಗಿದೆಯೆಂದು ನೋಡಿಬರಲು ಹೋಗಿದ್ದೆ. ತಂಗಿ ನನಗೆ ಚಹಾ ಕೊಟ್ಟು, ತಮ್ಮ ಕಾರ್ಡನ್ನೇ ಪೆಟ್ಟಿಗೆಗೆ ಹಾಕಿದರು. "ನಮ್ಮ ಸಣ್ಣಾಕಿ ಬಂದ್ಲು" ಎಂದಿತು ಅಕ್ಕನ ದನಿ. ಹಾಡು ಶುರುವಾಗುವ ಮೊದಲೇ ಅವರು ಕಾರ್ಡನ್ನು ಹೊರಗೆಳೆದು, ಮತ್ತೆ ಹಾಕಿದರು.